ಅಂಚೆ ಸರಿ ಇದೆ, ವಿಳಾಸ ಸರಿ ಇಲ್ಲ: ಅಮೆಜಾನ್ ಎಸ್‌ಇಎಸ್ ಬಳಸಿದ ಒಂದು ವರ್ಷ

ನಾನು ಶಿರಸಿಯಲ್ಲಿ ಕೂತು ಸಾಫ್ಟ್‌ವೇರ್ ಬರೆಯುವವನು. ಕಂಪನಿ ಅಂತ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ನಾನು, ಜೊತೆಗೊಬ್ಬ ಹುಡುಗ, ಎರಡು ಲ್ಯಾಪ್‌ಟಾಪ್, ಮಳೆಗಾಲಕ್ಕೆ ಅಂತ ಒಂದು ಇನ್‌ವರ್ಟರ್. ಇಲ್ಲಿನ ಒಂದು ಪತ್ತಿನ ಸಹಕಾರ ಸಂಘಕ್ಕೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ತಿಂಗಳ ಸ್ಟೇಟ್‌ಮೆಂಟ್, ಸಾಲದ ಕಂತಿನ ನೆನಪು, ಮಾರ್ಚ್ ಮುಗಿದ ಮೇಲೆ ಬಡ್ಡಿ ಸರ್ಟಿಫಿಕೇಟ್, ಇಷ್ಟೂ ಸದಸ್ಯರಿಗೆ ಇಮೇಲ್‌ನಲ್ಲಿ ಹೋಗಬೇಕು. ಇಮೇಲ್ ಕೊಟ್ಟ ಸದಸ್ಯರು 1,860 ಜನ.

ಮೊದಲು ವೆಬ್‌ಸೈಟ್ ಇಟ್ಟಿದ್ದ ಹೋಸ್ಟಿಂಗ್‌ನವರ ಸರ್ವರ್‌ನಿಂದಲೇ ಕಳಿಸುತ್ತಿದ್ದೆ. ಅವರ ಹೆಸರು ಇಲ್ಲಿ ಬೇಡ. ಗಂಟೆಗೆ ಇಷ್ಟೇ ಮೇಲ್ ಅಂತ ಮಿತಿ ಇತ್ತು. ಅದೇ ಐಪಿ ವಿಳಾಸದಿಂದ (ಇಂಟರ್ನೆಟ್ಟಿನಲ್ಲಿ ಸರ್ವರ್‌ನ ನಂಬರ್) ಇನ್ನೂ ಎಷ್ಟೋ ಜನ ಕಳಿಸುತ್ತಿದ್ದರು. ಅದರಲ್ಲಿ ಯಾರು ಏನು ಕಳಿಸುತ್ತಿದ್ದರೋ ದೇವರೇ ಬಲ್ಲ, ನಮ್ಮ ಮೇಲ್‌ಗಳು ಮಾತ್ರ ಸೀದಾ ಸ್ಪ್ಯಾಮ್‌ಗೆ ಹೋಗುತ್ತಿದ್ದವು. ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ, "ತಮಾ, ಮೇಲ್ ಬಂದಿಲ್ಲ ಅಂತ ಹದಿನೈದು ಜನ ಕೌಂಟರ್ ಮುಂದೆ ನಿಂತಿದ್ದಾರೆ, ನೀನೇ ಬಂದು ಉತ್ತರ ಹೇಳು" ಅಂದ ದಿನವೇ ಬೇರೆ ದಾರಿ ಹುಡುಕಿದೆ.

ಸಿಕ್ಕಿದ್ದು ಅಮೆಜಾನ್ ಎಸ್‌ಇಎಸ್ (ಸಿಂಪಲ್ ಇಮೇಲ್ ಸರ್ವಿಸ್). ನಮ್ಮ ಸಾಫ್ಟ್‌ವೇರ್ ಕೊಟ್ಟ ಮೇಲ್‌ಗಳನ್ನು ತಮ್ಮ ಸರ್ವರ್‌ನಿಂದ ಕಳಿಸಿಕೊಡುವ, 2011ರಿಂದ ಇರುವ ಸೇವೆ. ಮುಂಬೈನಲ್ಲೂ ಅದರ ರೀಜನ್ (ಸರ್ವರ್‌ಗಳಿರುವ ಕೇಂದ್ರ) ಇದೆ, ನಾನು ಬಳಸುವುದು ಅದನ್ನೇ. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ ಅಲ್ವಾ? ನಾನು ಕೊಡುತ್ತಿರುವ ದರ ಸಾವಿರ ಮೇಲ್‌ಗೆ 10 ಸೆಂಟ್. ಅಟ್ಯಾಚ್‌ಮೆಂಟ್‌ಗೆ ಬೇರೆ, ಜಿಬಿಗೆ 12 ಸೆಂಟ್. ನಮ್ಮದು ತಿಂಗಳಿಗೆ ಸುಮಾರು 4,000 ಮೇಲ್, ಒಂದೊಂದರಲ್ಲೂ 60 ಕೆಬಿ ಆಸುಪಾಸಿನ ಪಿಡಿಎಫ್. ಶೇ. 18 ಜಿಎಸ್‌ಟಿ ಸೇರಿಸಿದರೂ ತಿಂಗಳಿಗೆ ಐವತ್ತು ರೂಪಾಯಿ ದಾಟುವುದಿಲ್ಲ. ಬಿಲ್ ನೋಡಿ ಕಾರ್ಯದರ್ಶಿಗಳು ಒಂದು ಸೊನ್ನೆ ಬಿಟ್ಟುಹೋಗಿದೆ ಅಂದುಕೊಂಡರು. ಅಂಚೆ ಚೀಟಿ ಹಚ್ಚಿ ಅಭ್ಯಾಸ ಇರುವವರು, ಪಾಪ.

ದುಡ್ಡು ಕಡಿಮೆ, ಆದರೆ ಕೆಲಸ ನಮ್ಮದು. ಇದು ಮೊದಲೇ ಗೊತ್ತಿರಲಿ.

ಖಾತೆ ತೆರೆದ ತಕ್ಷಣ ನಿಮ್ಮನ್ನು ಸ್ಯಾಂಡ್‌ಬಾಕ್ಸ್‌ನಲ್ಲಿ, ಅಂದರೆ ಪರೀಕ್ಷೆಗಷ್ಟೇ ಬಿಡುವ ಬೇಲಿಯೊಳಗೆ ಇಡುತ್ತಾರೆ. 24 ಗಂಟೆಗೆ 200 ಮೇಲ್, ಸೆಕೆಂಡಿಗೆ ಒಂದು. ಅದೂ ನೀವೇ ಮೊದಲು ವೆರಿಫೈ ಮಾಡಿಸಿದ ವಿಳಾಸಗಳಿಗೆ ಮಾತ್ರ. ಹೊರಗೆ ಬರಬೇಕಾದರೆ ಅರ್ಜಿ ಹಾಕಬೇಕು. ಎಂಥ ಮೇಲ್ ಕಳಿಸುತ್ತೀರಿ, ವಿಳಾಸ ಎಲ್ಲಿಂದ ಬಂತು, ವಾಪಸ್ ಬಂದದ್ದನ್ನು ಏನು ಮಾಡುತ್ತೀರಿ, ಇದನ್ನೆಲ್ಲ ಬಿಡಿಸಿ ಬರೆಯಿರಿ. ನಾನು ಸಂಘದ ಅರ್ಜಿ ಫಾರಂನಲ್ಲಿ ಇಮೇಲ್ ಕಾಲಂ ಇರುವುದರಿಂದ ಹಿಡಿದು ಎಲ್ಲ ಬರೆದೆ, ಮರುದಿನ ಅನುಮತಿ ಬಂತು. ಒಂದು ಮಾತು: ಈ ಅನುಮತಿ, ವೆರಿಫಿಕೇಶನ್, ಸಾಫ್ಟ್‌ವೇರಿನಿಂದ ಮೇಲ್ ಕಳಿಸಲು ಬೇಕಾದ ಎಸ್‌ಎಂಟಿಪಿ ಪಾಸ್‌ವರ್ಡ್ ಎಲ್ಲವೂ ರೀಜನ್‌ಗೆ ರೀಜನ್ ಬೇರೆ. ಮುಂಬೈನಲ್ಲಿ ಮಾತ್ರ ವೆರಿಫೈ ಮಾಡಿಸಿ, ಸಿಂಗಾಪುರದ ಪಾಸ್‌ವರ್ಡ್ ಹಾಕಿ ಅಲ್ಲಿಂದ ಕಳಿಸಲು ಹೊರಟರೆ 'ವೆರಿಫೈ ಆಗಿಲ್ಲ' ಅನ್ನುವ 554 ಎರರ್ ಎದುರಾಗುತ್ತದೆ. ಇನ್ನೊಂದು, ಎಸ್‌ಎಂಟಿಪಿ ಪಾಸ್‌ವರ್ಡ್ ಅಂದರೆ ನಿಮ್ಮ ಅಮೆಜಾನ್ ಖಾತೆಯ ಸೀಕ್ರೆಟ್ ಕೀ ಅಲ್ಲ. ಅದನ್ನು ಬೇರೆಯಾಗಿಯೇ ಮಾಡಿಸಿಕೊಳ್ಳಬೇಕು.

ಡಿಎನ್‌ಎಸ್ (ಡೊಮೈನ್ ಹೆಸರಿನ ದಾಖಲೆಗಳ ಪಟ್ಟಿ) ಭಾಗ ಹತ್ತು ನಿಮಿಷದ್ದು, ನನಗೆ ಎರಡು ದಿನ ಹಿಡಿಯಿತು. ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂಗೆ ಮೂರು ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವ ಸಾಲು) ಕೊಡುತ್ತಾರೆ, ಹಾಗೇ ಕಾಪಿ ಮಾಡಿ ಹಾಕಿದೆ. ನಮ್ಮ ಡೊಮೈನ್ ಮಾರಿದವರ ಪ್ಯಾನೆಲ್ ಇದೆಯಲ್ಲ, ಅದು ಹೆಸರಿನ ಕೊನೆಗೆ ಡೊಮೈನನ್ನು ತಾನೇ ಸೇರಿಸುತ್ತದೆ. ನಾನು ಹಾಕಿದ್ದರಲ್ಲಿ ಡೊಮೈನ್ ಆಗಲೇ ಇತ್ತು. ಹೀಗಾಗಿ ಸಂಘದ ಹೆಸರು ಎರಡೆರಡು ಸಲ ಬಂದು ರೆಕಾರ್ಡ್ ಯಾರಿಗೂ ಸಿಗದ ಜಾಗದಲ್ಲಿ ಕೂತಿತ್ತು. ಬಾಲ ಕತ್ತರಿಸಿದ ಮೇಲೆ ಅರ್ಧ ಗಂಟೆಯಲ್ಲಿ ವೆರಿಫೈ ಆಯಿತು. ಜೊತೆಗೆ ಮೇಲ್ ಫ್ರಮ್‌ಗೆ (ತಲುಪದ ಮೇಲ್ ವಾಪಸ್ ಬರುವ ವಿಳಾಸ) ಒಂದು ಸಬ್‌ಡೊಮೈನ್ ಇಟ್ಟು ಎಸ್‌ಪಿಎಫ್ (ಯಾವ ಸರ್ವರ್ ನಮ್ಮ ಹೆಸರಲ್ಲಿ ಕಳಿಸಬಹುದು ಅನ್ನುವ ದಾಖಲೆ), ಎಂಎಕ್ಸ್ (ಮೇಲ್ ಯಾವ ಸರ್ವರಿಗೆ ಬರಬೇಕು ಅನ್ನುವುದು) ಹಾಕಿ, ಡಿಎಂಎಆರ್‌ಸಿ (ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅನ್ನುವುದು) ರೆಕಾರ್ಡೂ ಬರೆದೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್‌ಗಳಿಗೆ ದಿನಕ್ಕೆ 5,000 ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಮೂರೂ ಕಡ್ಡಾಯ. ನಾವು ಅಷ್ಟು ಕಳಿಸುವುದಿಲ್ಲ, ಆದರೂ ಹಾಕಿಟ್ಟರೆ ನಷ್ಟವೇನಿಲ್ಲ.

ಇನ್ನು ಕನ್ನಡ. ಕಳಿಸಿದವರ ಜಾಗದಲ್ಲಿ ಸಂಘದ ಹೆಸರು ಕನ್ನಡದಲ್ಲೇ ಕಾಣಬೇಕು ಅಂತ ಕಾರ್ಯದರ್ಶಿಗಳ ಹಟ. ನನಗೂ ಅದೇ ಆಸೆ. ಮೊದಲ ಪರೀಕ್ಷೆಯಲ್ಲಿ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು. ವಿಷಯದ ಸಾಲಿಗೆ ಯುಟಿಎಫ್-8 (ಕನ್ನಡವೂ ಸೇರಿದ ಅಕ್ಷರ ಸಂಕೇತ) ಅಂತ ಹೇಳಿದರೆ ಸಾಕು, ಹೆಸರಿಗೆ ಮಾತ್ರ ನಾವೇ ಬೇಸ್64 ಮಾಡಿ (ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಿಸಿ), ಹಿಂದೆ ಮುಂದೆ ಸಮ ಚಿಹ್ನೆ, ಪ್ರಶ್ನೆ ಚಿಹ್ನೆ ಕಟ್ಟಿ ಕೊಡಬೇಕು. ಅದು ಇಮೇಲ್‌ನ ಹಳೇ ಪದ್ಧತಿ, ಈ ಸೇವೆಯ ತಪ್ಪಲ್ಲ. ಒಂದೇ ಸಾಲಿನ ಕೋಡ್. ಆಮೇಲೆ ಹೆಸರು ಒತ್ತಕ್ಷರ ಸಮೇತ ನೀಟಾಗಿ ಬಂತು. ಆದರೆ ವಿಳಾಸವೇ ಕನ್ನಡದಲ್ಲಿರಬೇಕು ಅಂದರೆ ಆಗುವುದಿಲ್ಲ. ಅಟ್ ಚಿಹ್ನೆಗೆ ಮುಂಚಿನ ಭಾಗ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಈಗ ನಿಜವಾದ ಕಥೆಗೆ ಬರುತ್ತೇನೆ.

ಬಡ್ಡಿ ಸರ್ಟಿಫಿಕೇಟ್ ಕಳಿಸುವ ದಿನ ಪುಣ್ಯಕ್ಕೆ ಒಂದೇ ಸಲಕ್ಕೆ ಎಲ್ಲ ಬಿಡಲಿಲ್ಲ. ಇನ್ನೂರರ ಕಂತು ಮಾಡಿದ್ದೆ. ಮೊದಲ ಕಂತಿನಲ್ಲೇ 14 ವಾಪಸ್. ನೂರಕ್ಕೆ ಏಳು. ಎಸ್‌ಇಎಸ್‌ನ ನಿಯಮ ನೋಡಿ: ಬೌನ್ಸ್, ಅಂದರೆ ಹೀಗೆ ವಾಪಸ್ ಬಂದದ್ದು, ನೂರಕ್ಕೆ ಐದು ಮುಟ್ಟಿದರೆ ಖಾತೆ ಪರಿಶೀಲನೆಗೆ ಹೋಗಬಹುದು, ಹತ್ತು ದಾಟಿದರೆ ಕಳಿಸುವುದನ್ನೇ ನಿಲ್ಲಿಸಬಹುದು. ಸ್ಪ್ಯಾಮ್ ಅಂತ ದೂರು ಬಂದರೆ ಇನ್ನೂ ಬಿಗಿ, ಸಾವಿರಕ್ಕೆ ಒಂದು ದೂರಿಗೇ ಪರಿಶೀಲನೆ. ತಕ್ಷಣ ನಿಲ್ಲಿಸಿ 14ನ್ನೂ ಒಂದೊಂದಾಗಿ ನೋಡಿದೆ. ಆರರಲ್ಲಿ ಡಾಟ್ ಕಾಮ್ ಬದಲು ಡಾಟ್ ಕಾನ್. ಎರಡರಲ್ಲಿ ಹೆಸರಿನ ಮಧ್ಯೆ ಒಂದಕ್ಷರ ನುಂಗಿಹೋಗಿದೆ. ಐದು, ಬೆಂಗಳೂರಿನಲ್ಲಿರುವ ಮಕ್ಕಳ ಆಫೀಸ್ ವಿಳಾಸ. ಮಕ್ಕಳು ಆ ಕೆಲಸ ಬಿಟ್ಟು ಯಾವ ಕಾಲವಾಯಿತೋ. ಉಳಿದ ಒಂದು ವಿಳಾಸದಲ್ಲಿ ಅಟ್ ಚಿಹ್ನೆಗೆ ಮುಂಚೆ ಮೊಬೈಲ್ ನಂಬರ್ ಇತ್ತು.

ಬೌನ್ಸ್ ಆದದ್ದಾದರೂ ಕಣ್ಣಿಗೆ ಬೀಳುತ್ತದೆ. ಬೌನ್ಸ್ ಆಗದೆ ಬೇರೆಯವರ ಮನೆ ಸೇರಿದ್ದು ಹೆಚ್ಚು ಅಪಾಯದ್ದು. ಅದೇ ಮಧ್ಯಾಹ್ನ ಪೇಟೆಯ ಒಂದು ಕಂಪ್ಯೂಟರ್ ಸೆಂಟರ್‌ನವರು ಫೋನ್ ಮಾಡಿದರು. "ಮಾರಾಯ್ರೇ, ಯಾರ್ಯಾರದೋ ಬಡ್ಡಿ ಲೆಕ್ಕ ನಂಗ್ಯಾಕೆ ಕಳಿಸ್ತಾ ಇದ್ದೀರಿ? ಏಳು ಬಂತು ಆಗಲೇ." ಹುಡುಕಿದರೆ ನಮ್ಮ ಡೇಟಾಬೇಸಿನಲ್ಲಿ ಅವರ ಒಂದೇ ವಿಳಾಸ 63 ಸದಸ್ಯರ ಹೆಸರಿನ ಮುಂದೆ! ಹಿಂದೆ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವಾಗ, ಮೇಲ್ ಇಲ್ಲದವರಿಗೆಲ್ಲ ಅವರೇ ತಮ್ಮದನ್ನು ಹಾಕಿಕೊಟ್ಟಿದ್ದರು. ಒಳ್ಳೆ ಮನಸ್ಸಿನಿಂದಲೇ. ನಾನು ಮಾತ್ರ ಒಂದು ವಿಳಾಸ ಎಷ್ಟು ಖಾತೆಯಲ್ಲಿದೆ ಅಂತ ಒಮ್ಮೆಯೂ ಎಣಿಸಿರಲಿಲ್ಲ. ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದದ್ದರಿಂದ ಮರ್ಯಾದೆ ಉಳಿಯಿತು. ಅವರು ಸ್ಪ್ಯಾಮ್ ಬಟನ್ ಒತ್ತದೆ ಫೋನ್ ಮಾಡಿದ್ದು ನಮ್ಮ ಅದೃಷ್ಟ. ಅವರದು ಜಿಮೇಲ್ ವಿಳಾಸ, ಒತ್ತಿದ್ದರೂ ಎಸ್‌ಇಎಸ್‌ನ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ ಅನ್ನಿ. ಯಾರು ದೂರು ಕೊಟ್ಟರು ಅಂತ ಜಿಮೇಲ್ ಅಮೆಜಾನ್‌ನವರಿಗೆ ತಿಳಿಸುವುದಿಲ್ಲ. ಒಟ್ಟು ದೂರಿನ ಪ್ರಮಾಣ ತಿಳಿಯಲು ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಬೇರೆಯಾಗಿ ನೋಡಿಕೊಳ್ಳಬೇಕು.

ಬೌನ್ಸ್ ಬಂದ ಸುದ್ದಿ ನಮ್ಮ ಸಾಫ್ಟ್‌ವೇರಿಗೆ ತಲುಪಲು ನಾನು ಎಸ್‌ಎನ್‌ಎಸ್ (ಸುದ್ದಿ ಮುಟ್ಟಿಸುವ ಅಮೆಜಾನ್‌ನದೇ ಇನ್ನೊಂದು ಸೇವೆ) ಜೋಡಿಸಿಕೊಂಡೆ. ಇಲ್ಲೂ ಅರ್ಧ ದಿನ ಹೋಯಿತು. ಬರುವುದು ಜೇಸನ್ (ಸಾಫ್ಟ್‌ವೇರ್‌ಗಳು ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಒಂದು ರೂಪ), ಆದರೆ ಮೇಲಿನ ಹೆಡರ್ (ಒಳಗೇನಿದೆ ಅನ್ನುವ ಚೀಟಿ) ಸಾದಾ ಟೆಕ್ಸ್ಟ್ ಅನ್ನುತ್ತದೆ. ನನ್ನ ಸಾಫ್ಟ್‌ವೇರ್ ಅದನ್ನು ನಂಬಿ ಓದದೆ ಬಿಟ್ಟಿತು. ಬಿಚ್ಚಿದರೆ ಒಳಗೆ ಮತ್ತೊಂದು ಜೇಸನ್, ಸ್ಟ್ರಿಂಗ್ ಆಗಿ ಮಡಚಿಟ್ಟದ್ದು. ಎರಡು ಸಲ ಬಿಚ್ಚಬೇಕು, ಹಲಸಿನ ಎಲೆಯ ಕೊಟ್ಟೆ ಕಡುಬಿನ ಹಾಗೆ. ಕೈಪಿಡಿಯಲ್ಲಿ ಎಲ್ಲ ಇದೆ, ಓದದವನು ನಾನು. ಇದನ್ನು ಪರೀಕ್ಷೆ ಮಾಡಲು ಸುಳ್ಳು ವಿಳಾಸಗಳಿಗೆ ಕಳಿಸಬೇಡಿ. ಮೇಲ್‌ಬಾಕ್ಸ್ ಸಿಮ್ಯುಲೇಟರ್ ಅಂತ ಕೊಟ್ಟಿದ್ದಾರೆ. ಅದರ ಬೌನ್ಸ್ ವಿಳಾಸಕ್ಕೆ ಕಳಿಸಿದರೆ ನಿಜವಾದ ಬೌನ್ಸ್ ಹಾಗೇ ಸುದ್ದಿ ಬರುತ್ತದೆ, ನಿಮ್ಮ ಲೆಕ್ಕಕ್ಕೆ ಕಪ್ಪುಚುಕ್ಕೆ ಬೀಳುವುದಿಲ್ಲ.

ಯಾರಿಗೆ ಇದು ಬೇಡ? ಕೋಡ್ ಬರೆಯುವವರು ಯಾರೂ ಇಲ್ಲದ ಅಂಗಡಿಗೆ, ಸಂಸ್ಥೆಗೆ ಸುಮ್ನೆ ತಲೆನೋವು. ಯಾವ ಮೇಲ್ ಯಾರಿಗೆ ತಲುಪಿತು ಅಂತ ಒಂದೊಂದಾಗಿ ತೋರಿಸುವ ಪಟ್ಟಿ ಬೇಕೆಂದರೂ ಮೇಲೆ ಹೇಳಿದ ಹಾಗೆ ನೀವೇ ಕಟ್ಟಿಕೊಳ್ಳಬೇಕು, ಇಲ್ಲವೇ ಬೇರೆ ದುಡ್ಡು ಕೊಟ್ಟು ಅವರದೇ ಸೌಲಭ್ಯ ಹಾಕಿಸಿಕೊಳ್ಳಬೇಕು. ಅಂಥವರು ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಎಲ್ಲ ಸಿದ್ಧ ಇರುವ ಸೇವೆ ತೆಗೆದುಕೊಳ್ಳುವುದು ವಾಸಿ. ನಮಗೊಬ್ಬರಿಗೇ ಅಂತ ಪ್ರತ್ಯೇಕ ಐಪಿ ಬೇಕು ಅಂದರೆ ತಿಂಗಳಿಗೆ 24.95 ಡಾಲರ್, ನಮ್ಮಂಥ ಸಣ್ಣವರಿಗೆ ಅದು ಖಂಡಿತ ಬೇಡ. ಹಂಚಿಕೊಂಡ ಐಪಿಯಲ್ಲೇ ನಮ್ಮ ಮೇಲ್ ಇನ್‌ಬಾಕ್ಸ್ ಸೇರುತ್ತಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ, ಮೊದಲ ವಾರದಲ್ಲಿ ಕಲಿಯಬೇಕಾದ ಹೆಸರುಗಳ ರಾಶಿಗೆ.

ಕೊನೆಗೊಂದು ಎಚ್ಚರಿಕೆ. ಕಾಯಂ ಆಗಿ ಬೌನ್ಸ್ ಆದ ವಿಳಾಸ ನಿಮ್ಮ ಸಪ್ರೆಶನ್ (ಮೇಲ್ ಕಳಿಸಬಾರದವರ) ಪಟ್ಟಿಗೆ ಸೇರುತ್ತದೆ. ಆಮೇಲೆ ಆ ವಿಳಾಸ ಸರಿಯಾದರೂ ನೀವು ಪಟ್ಟಿಯಿಂದ ತೆಗೆಯುವ ತನಕ ಮೇಲ್ ಹೋಗುವುದಿಲ್ಲ. ಅದಕ್ಕೇ ಕಾರ್ಯದರ್ಶಿಗಳ ಮೇಜಿನ ಮೇಲೆ ಈಗ ಉದ್ದನೆಯ ನೋಟ್‌ಬುಕ್ ಇದೆ. ಯಾರೇ ಕೌಂಟರಿಗೆ ಬಂದರೂ ಅವರ ಕೈಯಲ್ಲೇ ಮೇಲ್ ವಿಳಾಸ ಬರೆಸಿ, ಜೋರಾಗಿ ಓದಿ, "ಕಾನ್ ಅಲ್ಲ, ಕಾಮ್ ಅಲ್ವಾ?" ಅಂತ ಕೇಳುತ್ತಾರೆ. ಕಂಪ್ಯೂಟರ್ ಸೆಂಟರಿನ 63ರಲ್ಲಿ ನಿನ್ನೆ ಸಂಜೆಗೆ 11 ಉಳಿದಿದ್ದವು.