ಹಿಂಬಾಗಿಲಿಗೆ ಒತ್ತಿಟ್ಟ ಅಕ್ಕಿ ಮೂಟೆ: ಫೆಮಾ ಭದ್ರತಾ ಗ್ರಾಂಟ್ ಬಗ್ಗೆ ನಮ್ಮ ದೇವಸ್ಥಾನದ ಅನುಭವ

ಅಮೆರಿಕದಲ್ಲಿ ದೇವಸ್ಥಾನದ ಸಮಿತಿಯಲ್ಲೋ ಕನ್ನಡ ಶಾಲೆಯಲ್ಲೋ ಓಡಾಡುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಫೆಮಾ ಅಂದರೆ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ. ಅದರ ನಾನ್‌ಪ್ರಾಫಿಟ್ ಸೆಕ್ಯುರಿಟಿ ಗ್ರಾಂಟ್‌ಗೆ (ಲಾಭರಹಿತ ಸಂಸ್ಥೆಗಳ ಭದ್ರತೆಗೆ ಕೊಡುವ ಅನುದಾನ) ನಾವು ಎರಡು ಸಲ ಅರ್ಜಿ ಹಾಕಿದೆವು. 2023ರಲ್ಲಿ ಸಿಗಲಿಲ್ಲ. 2024ರಲ್ಲಿ ಸಿಕ್ಕಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ದಾಳಿಯ ಅಪಾಯ ಇರುವ ಗುಡಿ, ಮಸೀದಿ, ಚರ್ಚು, ಗುರುದ್ವಾರ, ಶಾಲೆಗಳು ತಮ್ಮ ಕಟ್ಟಡ ಭದ್ರ ಮಾಡಿಕೊಳ್ಳಲಿ ಅಂತ ಕೇಂದ್ರ ಸರ್ಕಾರ ಕೊಡುವ ದುಡ್ಡು ಇದು. 2005ರಿಂದ ಇದೆ. ದುಡ್ಡು ರಾಜ್ಯದ ಕೈ ದಾಟಿ ಬರುತ್ತದೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹೋಗಬೇಕಾದದ್ದು ರಾಜ್ಯದ ತುರ್ತು ಸೇವೆಗಳ ಕಚೇರಿಯಾದ ಕ್ಯಾಲ್ ಒಇಎಸ್‌ಗೆ. ಒಂದು ಜಾಗಕ್ಕೆ 2023ರಲ್ಲಿ ಹೆಚ್ಚೆಂದರೆ 1,50,000 ಡಾಲರ್ ಇತ್ತು, 2024ರಲ್ಲಿ 2,00,000 ಆಯಿತು. ಕ್ಯಾಮೆರಾ, ಬೇಲಿ, ದೀಪ, ಬೀಗ, ಕಾವಲುಗಾರರು, ತರಬೇತಿ, ಎಲ್ಲಕ್ಕೂ ಬಳಸಬಹುದು. ನಮ್ಮ ಪಾಲು ಅಂತ ಒಂದು ಡಾಲರ್ ಕೂಡ ಸೇರಿಸಬೇಕಿಲ್ಲ.

ಮೊದಲ ವರ್ಷ ಒಬ್ಬ ಸಲಹೆಗಾರರನ್ನು ಹಿಡಿದೆವು. "ನೀವು ತಲೆ ಕೆಡಿಸಿಕೊಳ್ಳಬೇಡಿ, ಎಲ್ಲಾ ನಾನೇ ಬರೆಯುತ್ತೇನೆ" ಅಂದರು. ಕಳುಹಿಸುವ ಹಿಂದಿನ ರಾತ್ರಿ ಅರ್ಜಿ ನಮ್ಮ ಕೈಗೆ ಬಂತು. ಓದಲು ಪುರುಸೊತ್ತು ಸಿಗದೆ ಸಹಿ ಹಾಕಿಬಿಟ್ಟೆವು. ಗ್ರಾಂಟ್ ಸಿಗಲಿಲ್ಲ ಅಂತ ತಿಳಿದ ಮೇಲೆ ಕೂತು ಓದಿದರೆ, "ನಮ್ಮ ನೆಲಮಾಳಿಗೆಯ ಪಾರ್ಕಿಂಗ್" ಅಂತ ಇದೆ! ನಮ್ಮದು ಹಳೇ ಗೋದಾಮು. ನೆಲಮಾಳಿಗೆಯೇ ಇಲ್ಲ. ಬೇರೆ ಯಾರದೋ ಅರ್ಜಿಯಲ್ಲಿ ನಮ್ಮ ಹೆಸರು ಕೂರಿಸಿದ್ದರು. ಅವತ್ತು ನನಗೆ ನಿಜವಾಗಲೂ ಅಳು ಬಂತು.

ಆ ಡಿಸೆಂಬರ್‌ನಲ್ಲಿ ನಮಗೆ ಹತ್ತಿರದ ನ್ಯೂಆರ್ಕ್‌ನ ಸ್ವಾಮಿನಾರಾಯಣ ಮಂದಿರದ ಗೋಡೆ ಮೇಲೆ ಯಾರೋ ಘೋಷಣೆ ಬರೆದು ಹೋದರು. ಮಾರನೇ ಭಾನುವಾರ ನಮ್ಮಲ್ಲಿ ಅದೇ ಮಾತು. ಈ ಸಲ ನಾವೇ ಬರೆಯೋಣ ಅಂತ ಅವತ್ತೇ ತೀರ್ಮಾನ ಆಯಿತು.

ಅರ್ಜಿಯ ಜೊತೆ ಕಟ್ಟಡದ ಕುಂದುಕೊರತೆಗಳ ತಪಾಸಣಾ ವರದಿ ಕೊಡಲೇಬೇಕು. ಇದನ್ನು ನಮ್ಮೂರಿನ ಪೊಲೀಸರು ಪುಕ್ಕಟೆ ಮಾಡಿಕೊಟ್ಟರು. ಇಡೀ ವ್ಯವಹಾರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಬೆಲೆಬಾಳುವುದು ಅನಿಸಿದ್ದು ಇದೇ. ಭಾನುವಾರದ ಊಟದ ಹೊತ್ತಿಗೇ ಒಬ್ಬ ಅಧಿಕಾರಿ ಬಂದರು. ಹೆಣ್ಣುಮಗಳು. ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲೇ ಎರಡು ಗಂಟೆ ಸುತ್ತಾಡಿದರು. ಮುಂಬಾಗಿಲ ಎದುರಿನ ಚಪ್ಪಲಿ ಸ್ಟ್ಯಾಂಡ್ ಹತ್ತಿರ ನಿಂತು, "ಮಕ್ಕಳು ಯಾವಾಗಲೂ ಇಲ್ಲೇ ಕೂರುತ್ತಾರಾ?" ಅಂದರು. ಹೌದು, ಶೂ ಲೇಸ್ ಕಟ್ಟಿಕೊಳ್ಳುತ್ತಾ ಹತ್ತು ಹದಿನೈದು ಮಕ್ಕಳು ಯಾವಾಗಲೂ ಅಲ್ಲೇ. ಅಲ್ಲಿಂದ ಕಾರು ನಿಲ್ಲಿಸುವ ಜಾಗ ಎಂಟು ಹೆಜ್ಜೆ. ಮಧ್ಯೆ ಏನೂ ಇಲ್ಲ. ಹನ್ನೆರಡು ವರ್ಷ ದಿನಾ ನೋಡಿದರೂ ನಮಗೆ ಅದು ಕಂಡಿರಲಿಲ್ಲ.

ಆಮೇಲೆ ಅಡುಗೆಮನೆ. ಹಿಂಬಾಗಿಲು ಪೂರ್ತಿ ತೆರೆದಿತ್ತು. ಮುಚ್ಚಿಕೊಳ್ಳದಿರಲಿ ಅಂತ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆ ಒತ್ತಿಟ್ಟಿದ್ದೆವು. ಪಾತ್ರೆ ಹೊರುವವರು ಓಡಾಡಬೇಕಲ್ವಾ. ಅಧಿಕಾರಿ ಏನೂ ಅನ್ನದೆ ಒಂದು ಫೋಟೋ ತೆಗೆದುಕೊಂಡರು. ಉಗ್ರಾಣದ ಬಾಗಿಲು ಎಳೆದು ನೋಡಿ, "ಒಳಗಿನಿಂದ ಚಿಲಕ ಇಲ್ಲವಾ?" ಅಂತ ಕೇಳಿದರು. ಉಗ್ರಾಣಕ್ಕೆ ಯಾಕೆ ಒಳಗಿನಿಂದ ಚಿಲಕ ಅಂದೆ. ಆಗ ಅವರು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದ ವಿಷಯ ಹೇಳಿದರು. 2012ರ ಆಗಸ್ಟ್ 5, ಅದೂ ಭಾನುವಾರ. ಬಂದೂಕುಧಾರಿಯೊಬ್ಬ ಅವತ್ತು ಆರು ಜನರನ್ನು ಕೊಂದ, ಗಾಯಗೊಂಡಿದ್ದ ಇನ್ನೊಬ್ಬರು 2020ರಲ್ಲಿ ತೀರಿಕೊಂಡರು. ಲಂಗರ್‌ಗೆ, ಅಂದರೆ ಗುರುದ್ವಾರದ ಸಾಮೂಹಿಕ ಊಟಕ್ಕೆ, ಅಡುಗೆ ಮಾಡುತ್ತಿದ್ದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಉಗ್ರಾಣದೊಳಗೆ ಅಡಗಿ ಕೂತು ಬದುಕಿಕೊಂಡರು. ನಮ್ಮ ಅಡುಗೆ ನೋಡಿಕೊಳ್ಳುವ ಅಕ್ಕ ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

ಅರ್ಜಿಯಲ್ಲಿ ನಾವು ಬರೆದದ್ದು ಅವತ್ತು ಕಂಡದ್ದನ್ನೇ. ಚಪ್ಪಲಿ ಸ್ಟ್ಯಾಂಡ್, ಹಿಂಬಾಗಿಲು, ಉಗ್ರಾಣ, ಕತ್ತಲಿರುವ ಪೂರ್ವದ ಮೂಲೆ. ಒಂದೊಂದು ಕೊರತೆಗೂ ಅದಕ್ಕೆ ಬೇಕಾದ ಸಾಮಾನು, ಅದರ ಬೆಲೆ. ಅಷ್ಟೇ. ನಿಮ್ಮ ಜಾಗದ್ದನ್ನು ನೀವೇ ಬರೆಯಿರಿ. ಇಂಗ್ಲಿಷ್ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ನಿಜ ಇರಬೇಕು. ಸಂಸ್ಥೆಯನ್ನು ಗುರುತಿಸಲು ಯುಇಐ ಅಂತ ಹನ್ನೆರಡು ಅಕ್ಷರ-ಅಂಕಿಯ ನಂಬರ್ ಬೇಕು. ಅದು ಸರ್ಕಾರದ ಸೈಟಲ್ಲಿ ಪುಕ್ಕಟೆ ಸಿಗುತ್ತದೆ, ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಈಗ ಆ ಒಂದು ಸ್ಟಾರ್ ಯಾಕೆ ಕಡಿಮೆ ಅಂತ. ಇಲ್ಲಿ ದುಡ್ಡು ಮೊದಲು ಬರಲ್ಲ. ನಾವು ಖರ್ಚು ಮಾಡಿ, ರಸೀದಿ ಕೊಟ್ಟು, ಆಮೇಲೆ ವಾಪಸ್ ಪಡೆಯಬೇಕು. ದೊಡ್ಡ ಸಂಸ್ಥೆಗಳಿಗೆ ಇದು ಕಷ್ಟ ಆಗಲಿಕ್ಕಿಲ್ಲ. ಹುಂಡಿ ದುಡ್ಡಲ್ಲಿ ಬಾಡಿಗೆ ಕಟ್ಟುವ ನಮ್ಮಂಥವರಿಗೆ ಸಾವಿರಾರು ಡಾಲರ್ ಎಲ್ಲಿಂದ ಬರಬೇಕು? ಐದು ಮನೆಯವರು ಕೈಸಾಲ ಕೊಟ್ಟರು. ಭಟ್ಟರೂ ತಮ್ಮ ಉಳಿತಾಯದಿಂದ ಕೊಟ್ಟರು. ತೀರಾ ಅಗತ್ಯ ಇರುವ ಚಿಕ್ಕ ಜಾಗಗಳೇ ಈ ಕಾರಣಕ್ಕೆ ಹಿಂದೆ ಸರಿಯುತ್ತವೆ. ಇದು ಬದಲಾಗಲೇಬೇಕು.

ಇನ್ನೊಂದು ಮಾತು. ಗ್ರಾಂಟ್ ಸಿಕ್ಕ ಖುಷಿಯಲ್ಲಿ ನೆಲ ಅಗೆಯಬೇಡಿ. ನೆಲ ಅಗೆಯುವ, ಗೋಡೆ ಕೊರೆಯುವ ಕೆಲಸಕ್ಕೆ ಮೊದಲು ಪರಿಸರ ಮತ್ತು ಪಾರಂಪರಿಕ ಕಟ್ಟಡಗಳ ಪರಿಶೀಲನೆ ಮುಗಿಯಬೇಕು. ಅದಕ್ಕೂ ಮುಂಚೆ ಗುದ್ದಲಿ ಬಿದ್ದರೆ ಆ ಕೆಲಸದ ದುಡ್ಡು ಹೋದ ಹಾಗೆ. ಫೋಟೋ ತೆಗೆದು, ಎಲ್ಲೆಲ್ಲಿ ಗುಂಡಿ ಅಂತ ಗುರುತು ಹಾಕಿ ಕಳಿಸಬೇಕು. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ 2024ರ ಗ್ರಾಂಟ್‌ಗೆ ಮುಗಿಸಲು ಸುಮಾರು ಮೂರು ವರ್ಷ ಸಮಯ ಇದ್ದದ್ದರಿಂದ ಗಾಬರಿ ಆಗಲಿಲ್ಲ.

ಕಾಯುವ ಆ ತಿಂಗಳುಗಳಲ್ಲೇ ಫೈರ್ ಸ್ಟೇಷನ್ನಿನ ಕ್ಯಾಪ್ಟನ್ ಒಬ್ಬರನ್ನು ಕರೆಸಿ, ಕಾರು ನುಗ್ಗದ ಹಾಗೆ ಚಪ್ಪಲಿ ಸ್ಟ್ಯಾಂಡ್ ಮುಂದೆ ನೆಡಬೇಕೆಂದಿದ್ದ ಗೂಟಗಳ ನಕ್ಷೆ ತೋರಿಸಿದೆವು. ಒಳ್ಳೇದೇ ಆಯಿತು. ಅಗ್ನಿಶಾಮಕ ವಾಹನಕ್ಕೆ ಇಪ್ಪತ್ತು ಅಡಿ ದಾರಿ ಬಿಡಬೇಕು, ನಮ್ಮ ಎರಡು ಗೂಟ ಅದಕ್ಕೆ ಅಡ್ಡ ಬರುತ್ತಿದ್ದವು. ಗೂಟಗಳ ಮಧ್ಯೆ ಗಾಲಿಕುರ್ಚಿ ಆರಾಮಾಗಿ ದಾಟುವಷ್ಟು ಜಾಗ ಇರಲಿ ಅಂತಲೂ ಅವರೇ ನೆನಪಿಸಿದರು.

ಈಗ ಚಪ್ಪಲಿ ಸ್ಟ್ಯಾಂಡ್ ಮುಂದೆ ಕಾಂಕ್ರೀಟ್ ತುಂಬಿದ ಏಳು ಉಕ್ಕಿನ ಗೂಟಗಳಿವೆ. ದೀಪಾವಳಿಗೆ ಮಕ್ಕಳು ಅವಕ್ಕೆ ಚೆಂಡು ಹೂವಿನ ಹಾರ ಸುತ್ತಿದ್ದರು. ಉಗ್ರಾಣಕ್ಕೆ ಒಳಗಿನಿಂದ ಚಿಲಕ ಬಂದಿದೆ. ಹಿಂಬಾಗಿಲು ತಾನಾಗೇ ಲಾಕ್ ಆಗುತ್ತದೆ. ಪಾತ್ರೆ ಹೊತ್ತು ಬರುವವರು ಬೆಲ್ ಒತ್ತುತ್ತಾರೆ, ಅಕ್ಕ ಪರದೆಯಲ್ಲಿ ಮುಖ ನೋಡಿ ಬಾಗಿಲು ತೆಗೆಯುತ್ತಾರೆ. ಅಕ್ಕಿ ಮೂಟೆ ಉಗ್ರಾಣದೊಳಗಿದೆ.