ಜುಲೈ ಕ್ರಿಸ್‌ಮಸ್‌ಗೆ ತಂದ ಕ್ರೋಶೆ ಕಿಟ್: ನೂಲಿಗೆ ಪೂರ್ತಿ ಮಾರ್ಕು, ಗುಂಡುಸೂಜಿಗೆ ಸೊನ್ನೆ

ಹೊರಗೆ 36 ಡಿಗ್ರಿ ಬಿಸಿಲು. ಒಳಗೆ ಎಸಿ ಹಾಕಿಕೊಂಡು ನಾವು ಒಂಬತ್ತು ಹೆಂಗಸರು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಹಿಮದ ಹೂವು ಹೆಣೆಯುತ್ತಾ ಕೂತಿದ್ದೆವು. ಹೋದ ಶನಿವಾರ ಅಮೆರಿಕದ ನಾರ್ತ್ ಕ್ಯಾರೋಲಿನಾದ ರಾಲಿಯ ನಮ್ಮ ಮನೆಯಲ್ಲಿ ಕ್ರೋಶೆ ಗುಂಪಿಗೆ ಇಟ್ಟುಕೊಂಡಿದ್ದ ಜುಲೈ ಕ್ರಿಸ್‌ಮಸ್ ಪಾರ್ಟಿ ಅದು, ಅಂದರೆ ಡಿಸೆಂಬರ್ ಹಬ್ಬವನ್ನು ಬೇಸಿಗೆಯಲ್ಲೇ ತಮಾಷೆಗೆ ಮಾಡುವುದು. ಫೋನಿನಲ್ಲಿ ಹೇಳಿದರೆ ಅಮ್ಮ, "ಆಷಾಢದಲ್ಲಿ ಎಂಥಾ ಹಬ್ಬವೇ ನಿಂದು?" ಅಂದರು.

ಇದೇನು ನಾವು ಹುಟ್ಟಿಸಿದ್ದಲ್ಲ. ಇದೇ ನಾರ್ತ್ ಕ್ಯಾರೋಲಿನಾದ ಬ್ರೆವರ್ಡ್‌ನಲ್ಲಿ ಕೀಸ್ಟೋನ್ ಕ್ಯಾಂಪ್ ಅನ್ನುವ ಹುಡುಗಿಯರ ಬೇಸಿಗೆ ಶಿಬಿರ ಇದೆ. ಅಲ್ಲಿ 1933ರಲ್ಲೇ ಜುಲೈ ಕ್ರಿಸ್‌ಮಸ್ ಮಾಡಿದ್ದರು. ಕೈಕೆಲಸದವರಿಗೆ ಇದು ಲೆಕ್ಕಕ್ಕೂ ಸರಿ. ಒಂದು ಹೂವಿಗೆ ನನಗೆ ಒಂದೂವರೆ ಗಂಟೆ ಬೇಕು, ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಮರಕ್ಕೆ ಏರುವುದು ಸಂಕ್ರಾಂತಿಗೇ.

ಈಗ ಕಿಟ್ ವಿಷಯಕ್ಕೆ ಬರ್ತೀನಿ. ಆನ್‌ಲೈನ್‌ನಲ್ಲಿ ಒಂದು ಸಣ್ಣ ಅಂಗಡಿಯಿಂದ ತರಿಸಿದ್ದು, ಹೆಸರು ಬೇಡ ಬಿಡಿ. ಒಂದಕ್ಕೆ 16 ಡಾಲರ್, ಒಂಬತ್ತಕ್ಕೆ 144. ಒಳಗೆ 10ನೇ ಸೈಜಿನ ಬಿಳಿ ಹತ್ತಿ ದಾರ, ಒಂದೂವರೆ ಮಿಲಿಮೀಟರಿನ ಸ್ಟೀಲ್ ಕ್ರೋಶೆ ಕಡ್ಡಿ, ನಾಲ್ಕು ಡಿಸೈನಿನ ಹಾಳೆ, ಹೂವು ಗಟ್ಟಿ ಮಾಡುವ ದ್ರವದ ಪುಟ್ಟ ಬಾಟಲಿ, ಗುಂಡುಸೂಜಿ. ದಾರ ನಿಜಕ್ಕೂ ಚೆನ್ನಾಗಿದೆ. ಎಳೆ ಬಿಚ್ಚಿಕೊಳ್ಳುವುದಿಲ್ಲ, ನಾಲ್ಕು ಸಲ ಬಿಚ್ಚಿ ಹಾಕಿದರೂ ಜುಂಗು ಏಳಲಿಲ್ಲ.

ಎಡವಟ್ಟಾಗಿದ್ದು ಹಾಳೆಯಲ್ಲಿ. ಎರಡು ಗಂಟೆ ಆದ ಮೇಲೆ ನೋಡಿದರೆ ಇಂಗ್ಲೆಂಡಿನಲ್ಲಿ ಕ್ರೋಶೆ ಕಲಿತು ಬಂದ ಒಬ್ಬರ ಹೂವು ಅಂಗೈಯಷ್ಟಿದೆ, ಬಿಗಿಯಾಗಿ ಚೆಂದ ಇದೆ. ನಮ್ಮ ಎಂಟೂ ಊಟದ ತಟ್ಟೆಯಷ್ಟು ಹರಡಿ ಜೋತು ಬಿದ್ದಿವೆ! ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವ ಗಿಡ್ಡ ಹೆಣಿಗೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಅಂತಾರೆ. ಹಾಳೆ ಬ್ರಿಟನ್ ಲೆಕ್ಕದ್ದು, ಆದರೆ ಅದನ್ನು ಎಲ್ಲೂ ಬರೆದಿಲ್ಲ. ನಾವು ಡಬಲ್ ಅಂತ ಓದಿ ಅಮೆರಿಕದ ಲೆಕ್ಕದ ಉದ್ದ ಹೆಣಿಗೆ ಹಾಕುತ್ತಾ ಹೋಗಿದ್ದೇವೆ. ಶುರು ಮಾಡುವ ಮೊದಲು ಹಾಳೆಯಲ್ಲಿ 'ಸಿಂಗಲ್ ಕ್ರೋಶೆ' ಅಂತ ಎಲ್ಲಾದರೂ ಇದೆಯಾ ನೋಡಿಕೊಳ್ಳಿ. ಬ್ರಿಟನ್ ಲೆಕ್ಕದಲ್ಲಿ ಆ ಮಾತೇ ಇಲ್ಲ, ಹಾಗಾಗಿ ಅದು ಕಂಡರೆ ಹಾಳೆ ಅಮೆರಿಕದ್ದು.

ಬಾಟಲಿಯ ದ್ರವ ಮೂರು ಹೂವಿಗೇ ಮುಗಿಯಿತು. ಕಾಟನ್ ಸೀರೆಗೆ ಗಂಜಿ ಹಾಕುವುದನ್ನು ನೋಡಿ ಬೆಳೆದವಳು ನಾನು, ಸುಮ್ನೆ ಬಿಡ್ತೀನಾ? ಅನ್ನದ ಗಂಜಿ ಸೋಸಿ, ಆರಿಸಿ, ಹೂವು ಅದ್ದಿ, ಹಿಂಡಿ, ಥರ್ಮಾಕೋಲ್ ಮೇಲೆ ಪ್ಲಾಸ್ಟಿಕ್ ಹಾಸಿ ಆರು ಮೂಲೆಗೂ ಸೂಜಿ ಚುಚ್ಚಿ ಇಟ್ಟೆ. ಬಾಟಲಿಯದ್ದಕ್ಕಿಂತ ಖಡಕ್ ಆಯಿತು. ಗುಂಪಿನವರೆಲ್ಲ ಗಂಜಿ ಮಾಡುವುದು ಹೇಗೆ ಅಂತ ಬರೆದುಕೊಂಡರು. ಅಷ್ಟು ಹೊತ್ತೂ ಮಂಗಳೂರಿನ ಗೆಳತಿ ತಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬ ಅಡುಗೆಮನೆಯಲ್ಲಿ ಬಂದಿಯಾಗಿತ್ತು. ನೆವ್ರಿ ತಿಂದ ಎಣ್ಣೆ ಕೈಯಲ್ಲಿ ಬಿಳಿ ದಾರ ಮುಟ್ಟಬಾರದಲ್ವಾ.

ಬೆಳಿಗ್ಗೆ ಎದ್ದು ಸೂಜಿ ಕಿತ್ತೆ. ಒಂದೊಂದು ಹೂವಿನ ತುದಿಯಲ್ಲೂ ಸಾಸಿವೆಯಷ್ಟು ಕಂದು ಚುಕ್ಕೆ! ತುಕ್ಕು. ಒದ್ದೆ ಬಟ್ಟೆಗೆ ಚುಚ್ಚುವುದು ಅಂತ ಗೊತ್ತಿದ್ದೂ ತುಕ್ಕು ಹಿಡಿಯುವ ಸೂಜಿ ಕೊಟ್ಟಿದ್ದಾರೆ. ಹೊಟ್ಟೆ ಉರಿದು ಹೋಯಿತು.

ಫೋಟೊ ಸಮೇತ ಅಂಗಡಿಯವರಿಗೆ ಬರೆದೆ. ಹಾಳೆ ತಿದ್ದುತ್ತೇವೆ ಅಂದರು, ಸಂತೋಷ. ಸೂಜಿ ಬಗ್ಗೆ ಮಾತ್ರ, "ಚುಕ್ಕೆಯಿಂದ ಹಳೇ ಕಾಲದ ಕಳೆ ಬಂದಿದೆ" ಅಂತ ಉತ್ತರ. ದಾರದ ಮುಖ ನೋಡಿ ಐದಕ್ಕೆ ಮೂರು ಕೊಡೋಣ ಅಂತಿದ್ದೆ. ಈಗ ಎರಡೂವರೆ.