ಭಾರತೀಯ ವಿಜ್ಞಾನ ಅಕಾಡೆಮಿಯ ಮುಕ್ತ ಪತ್ರಿಕಾ ಸಂಗ್ರಹ: ಓದುಗನೊಬ್ಬನ ವಿಮರ್ಶೆ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ತಾನು ಪ್ರಕಟಿಸಿಕೊಂಡು ಬಂದಿರುವ ಸಂಶೋಧನಾ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಚಂದಾ ಕಟ್ಟದೆ ಓದುವಂತೆ ತೆರೆದಿಟ್ಟಿದೆ. ನಾನು ಪದವಿ ಓದಿದ ಕಾಲೇಜಿನ ಗ್ರಂಥಾಲಯದಲ್ಲಿ ಒಂದೇ ಒಂದು ಸಂಶೋಧನಾ ಪತ್ರಿಕೆಯೂ ಬರುತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಹೆಸರು ಕೇಳಿದ ಪ್ರಬಂಧವನ್ನು ಕಣ್ಣಾರೆ ನೋಡುವ ಆಸೆ ಆಗ ಆಸೆಯಾಗಿಯೇ ಉಳಿದಿತ್ತು. ಆ ಕೊರತೆಯನ್ನು ಉಂಡವನಾದ್ದರಿಂದ ಈ ಸೇವೆಯ ಬೆಲೆ ನನಗೆ ಚೆನ್ನಾಗಿ ಗೊತ್ತು. ಭಾರತದಲ್ಲಿ ವಿಜ್ಞಾನದ ಕೆಲಸ ಎಷ್ಟು ದಿಕ್ಕುಗಳಲ್ಲಿ ನಡೆದಿದೆ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ತೋರಿಸುವುದು ಇದನ್ನೇ.

ಅಕಾಡೆಮಿಯನ್ನು ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದರು. ಅದರ ‘ಪ್ರೊಸೀಡಿಂಗ್ಸ್’ ಪತ್ರಿಕೆಯೂ ಅದೇ ವರ್ಷ ಹೊರಬಂದಿತು. ದ್ರವದೊಳಗೆ ಹಾಯುವ ಶ್ರವಣಾತೀತ ಅಲೆಗಳು (ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದದ ಅಲೆಗಳು) ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬುದನ್ನು ವಿವರಿಸಿ ರಾಮನ್ ಮತ್ತು ನಾಗೇಂದ್ರನಾಥ್ ಬರೆದ ಪ್ರಬಂಧ 1935ರಷ್ಟು ಹಿಂದೆಯೇ ಅದರಲ್ಲಿ ಅಚ್ಚಾಯಿತು. ಮುಂದೆ ಕೆಲಸದ ವ್ಯಾಪ್ತಿ ಬೆಳೆದಂತೆ ಒಂದೊಂದು ವಿಷಯಕ್ಕೂ ಬೇರೆ ಪತ್ರಿಕೆ ಬೇಕಾಯಿತು. ಭೌತವಿಜ್ಞಾನಕ್ಕೆ 1973ರಲ್ಲಿ ‘ಪ್ರಮಾಣ’ ಬಂದಿತು. ಎಂಜಿನಿಯರಿಂಗಿಗೆ ‘ಸಾಧನಾ’ ಇದೆ. ಖಗೋಳವಿಜ್ಞಾನ, ಗಣಿತ, ರಸಾಯನವಿಜ್ಞಾನ, ಜೀವವಿಜ್ಞಾನ, ಭೂವಿಜ್ಞಾನ, ಪದಾರ್ಥವಿಜ್ಞಾನ ಇವಕ್ಕೂ ಪ್ರತ್ಯೇಕ ಪತ್ರಿಕೆಗಳಿವೆ.

ಸಂಗ್ರಹದಲ್ಲಿ ನಾನು ಮತ್ತೆ ಮತ್ತೆ ತೆರೆದು ಓದುವ ಪ್ರಬಂಧ ಎಸ್. ಪಂಚರತ್ನಂ ಅವರು 1956ರಲ್ಲಿ ಬರೆದದ್ದು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಹರಳುಗಳ ಮೂಲಕ ಹಾಯ್ದ ಧ್ರುವೀಕೃತ ಬೆಳಕಿನ (ಕಂಪನವು ಗೊತ್ತಾದ ಕ್ರಮದಲ್ಲಿ ನಡೆಯುವ ಬೆಳಕಿನ) ವ್ಯತೀಕರಣವನ್ನು, ಅಂದರೆ ಅದರ ಅಲೆಗಳು ಒಂದರೊಡನೊಂದು ಬೆರೆತಾಗ ಬೆಳಕು ಹೆಚ್ಚು ಕಡಿಮೆಯಾಗುವುದನ್ನು, ಅಭ್ಯಸಿಸುತ್ತಿದ್ದರು. ಬೆಳಕಿನ ಧ್ರುವೀಕರಣದ ಪ್ರತಿಯೊಂದು ಸ್ಥಿತಿಯನ್ನೂ ಒಂದು ಗೋಳದ ಮೇಲಿನ ಬಿಂದುವಾಗಿ ಗುರುತಿಸಬಹುದು. ಬೆಳಕನ್ನು ಒಂದು ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ದು ಮರಳಿ ಮೊದಲಿನ ಸ್ಥಿತಿಗೇ ತಂದು ನಿಲ್ಲಿಸಿದರೆ ಧ್ರುವೀಕರಣವೇನೋ ಮೊದಲಿನಂತೆಯೇ ಇರುತ್ತದೆ, ಆದರೆ ಅಲೆಯ ಫೇಸ್‌ನಲ್ಲಿ, ಅಂದರೆ ಏರಿಳಿತದ ಯಾವ ಹಂತದಲ್ಲಿ ಅಲೆ ಇದೆ ಎಂಬುದರಲ್ಲಿ, ಒಂದು ವ್ಯತ್ಯಾಸ ಉಳಿದುಕೊಂಡಿರುತ್ತದೆ. ಗೋಳದ ಮೇಲೆ ಆ ಮೂರು ಬಿಂದುಗಳು ರಚಿಸುವ ತ್ರಿಕೋನವು ಕೇಂದ್ರದಲ್ಲಿ ಮಾಡುವ ಘನಕೋನದ (ಕೇಂದ್ರದಿಂದ ನೋಡಿದಾಗ ಅದು ಆವರಿಸುವ ಮೂರು ಆಯಾಮದ ಕೋನದ) ಸರಿಯಾಗಿ ಅರ್ಧದಷ್ಟು ಆ ವ್ಯತ್ಯಾಸ. 1984ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಮೈಕೆಲ್ ಬೆರಿ ಪರಮಾಣುವಿನಂಥ ಸೂಕ್ಷ್ಮ ಲೋಕದ ಕ್ವಾಂಟಂ ವ್ಯವಸ್ಥೆಗಳಲ್ಲಿ ಇದೇ ಬಗೆಯ ಫೇಸ್ ಅನ್ನು ತೋರಿಸಿದಾಗ ಭೌತವಿಜ್ಞಾನದ ಲೋಕವೆಲ್ಲ ಅತ್ತ ತಿರುಗಿತು. ಪಂಚರತ್ನಂ 1969ರಲ್ಲಿಯೇ, ಮೂವತ್ತೈದು ವರ್ಷಕ್ಕೆ, ತೀರಿಕೊಂಡಿದ್ದರು. ಅವರ ಹಳೆಯ ಪ್ರಬಂಧಕ್ಕೂ ಬೆರಿಯವರ ಫಲಿತಾಂಶಕ್ಕೂ ಇರುವ ನಂಟನ್ನು ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. 1932ರಿಂದ ಬರುತ್ತಿರುವ ಆ ಪತ್ರಿಕೆಯ ಸಂಚಿಕೆಗಳೂ ಓದುಗರಿಗೆ ಮುಕ್ತವಾಗಿಯೇ ಇವೆ. ಹೀಗಾಗಿ ಮೂಲವನ್ನೂ ಅದನ್ನು ಗುರುತಿಸಿದ ಬರಹವನ್ನೂ ಒಂದೇ ಸಂಜೆ ಅಕ್ಕಪಕ್ಕ ಇಟ್ಟುಕೊಂಡು ಓದಬಹುದು. ನಾನು ಹಾಗೆ ಓದಿದ ದಿನ ಬಹಳ ಹೊತ್ತು ಬೇರೆ ಕೆಲಸಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ.

ಎರಡನೆಯ ನಿದರ್ಶನ 1977ರ ‘ಪ್ರಮಾಣ’ದಲ್ಲಿದೆ. ದ್ರವದಂತೆ ಹರಿದರೂ ಅಣುಗಳು ಹರಳಿನಲ್ಲಿರುವಂತೆ ಒಂದು ಕ್ರಮದಲ್ಲಿರುವ ದ್ರವ ಸ್ಫಟಿಕಗಳೆಂದರೆ ಕಡ್ಡಿಯಂತಹ ಉದ್ದನೆಯ ಅಣುಗಳಿಂದಾದವು ಎಂದೇ ಅಲ್ಲಿಯವರೆಗೆ ತಿಳಿಯಲಾಗಿತ್ತು. ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬೆಂಜೀನ್ ಉಂಗುರದ ಸುತ್ತ ಆರು ಸರಪಳಿಗಳನ್ನು ಜೋಡಿಸಿದ ಬಿಲ್ಲೆಯಾಕಾರದ ಅಣುಗಳನ್ನು ಪರೀಕ್ಷಿಸಿ, ಅವು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಂಬಗಳಾಗಿ ನಿಂತು ದ್ರವ ಸ್ಫಟಿಕವಾಗುತ್ತವೆ ಎಂದು ಎಕ್ಸ್-ಕಿರಣಗಳ ನೆರವಿನಿಂದ ತೋರಿಸಿದರು. ಈ ಚಂದ್ರಶೇಖರ್ ನೊಬೆಲ್ ಪಡೆದ ಖಗೋಳವಿಜ್ಞಾನಿಯಲ್ಲ. ಹೆಸರಿನ ಹೋಲಿಕೆಯಿಂದ ಹಲವರು ಗೊಂದಲಕ್ಕೆ ಬೀಳುತ್ತಾರೆ. ಇಡೀ ಪ್ರಬಂಧ ಹತ್ತೇ ಪುಟಗಳದ್ದು. ದ್ರವ ಸ್ಫಟಿಕದ ಪರದೆಗಳನ್ನು ಓರೆಯಾಗಿ ನೋಡಿದರೂ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಅಂಟಿಸುವ ತೆಳು ಪೊರೆಗಳಲ್ಲಿ ಮುಂದೆ ಇದೇ ಬಗೆಯ ಅಣುಗಳು ಬಳಕೆಗೆ ಬಂದವು. ಹೊಸದೊಂದು ಬಗೆಯ ದ್ರವ್ಯವನ್ನೇ ಕಂಡವರು ಅದನ್ನು ಆಗಿನ್ನೂ ನಾಲ್ಕು ವರ್ಷದ ಕೂಸಾಗಿದ್ದ ನಮ್ಮದೇ ಪತ್ರಿಕೆಗೆ ಕೊಟ್ಟರಲ್ಲ, ಆ ನಿರ್ಧಾರದ ಬಗ್ಗೆ ನನಗೆ ಅಪಾರ ಗೌರವವಿದೆ.

ಈ ನೆಲದ ಬದುಕಿಗೆ ನೇರವಾಗಿ ಸೇರಿದ ಪ್ರಶ್ನೆಗಳೂ ಇಲ್ಲಿ ಬೇಕಾದಷ್ಟಿವೆ. 2002ರ ಜುಲೈನಲ್ಲಿ ಮುಂಗಾರು ಕೈಕೊಟ್ಟದ್ದು ರೈತರಿಗೆ ಇಂದಿಗೂ ನೆನಪಿದೆ. ಮರುವರ್ಷವೇ ಸುಲೋಚನಾ ಗಾಡ್ಗೀಳ್ ಅವರು ತಮ್ಮ ಸಹೋದ್ಯೋಗಿಗಳೊಡನೆ ‘ಕರೆಂಟ್ ಸೈನ್ಸ್’ನಲ್ಲಿ ಬರಗಾಲಗಳ ಬಗ್ಗೆ ಬರೆದು, ಶಾಂತ ಸಾಗರದ ಎಲ್ ನಿನೋ (ಅಲ್ಲಿನ ಸಮಭಾಜಕದ ಬಳಿಯ ನೀರು ವಾಡಿಕೆಗಿಂತ ಬೆಚ್ಚಗಾಗುವುದು) ಜೊತೆಗೆ ಹಿಂದೂ ಮಹಾಸಾಗರದ ಸಮಭಾಜಕ ವಲಯದ ಮೋಡಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಾದಿಸಿದರು. ಮಳೆಯನ್ನೇ ನೆಚ್ಚಿದ ದೇಶವೊಂದು ತನ್ನ ಮಳೆಯನ್ನು ತಾನೇ ಅರಿಯಲು ಹೊರಟಾಗ ಹುಟ್ಟುವ ವಿಜ್ಞಾನ ಇದು. ಇನ್ನು ‘ಜರ್ನಲ್ ಆಫ್ ಜೆನೆಟಿಕ್ಸ್’ ಬಂದ ದಾರಿಯೇ ಬೇರೆ: 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪತ್ರಿಕೆಯನ್ನು ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದಾಗ ಜೊತೆಗೆ ತಂದರು, ನಡುವೆ ನಿಂತುಹೋಗಿದ್ದ ಅದನ್ನು ಅಕಾಡೆಮಿ 1985ರಲ್ಲಿ ಮತ್ತೆ ಆರಂಭಿಸಿತು.

ಸಂಗ್ರಹದ ಮಿತಿಯನ್ನೂ ಹೇಳಬೇಕು. ಭಾರತದ ವಿಜ್ಞಾನವೆಲ್ಲ ಇಲ್ಲಿದೆ ಎಂದುಕೊಂಡು ಬಂದವರಿಗೆ ನಿರಾಸೆ ಖಂಡಿತ. ಕಾಲರಾ ರೋಗಾಣು ಹೊರಹಾಕುವ ವಿಷವನ್ನು ಶಂಭುನಾಥ್ ಡೇ ಕೋಲ್ಕತ್ತದಲ್ಲಿ ತೋರಿಸಿಕೊಟ್ಟ 1959ರ ವರದಿ ‘ನೇಚರ್’ನಲ್ಲಿ ಬಂದದ್ದು. ಗುರುತ್ವದಿಂದ ದ್ರವ್ಯ ಹೇಗೆ ಒಂದೆಡೆ ಸೇರುತ್ತದೆ ಎಂಬುದನ್ನು ವಿವರಿಸುವ ಅಮಲ್ ಕುಮಾರ್ ರಾಯ್‌ಚೌಧುರಿಯವರ 1955ರ ಸಮೀಕರಣ ಅಮೆರಿಕದ ‘ಫಿಸಿಕಲ್ ರಿವ್ಯೂ’ನಲ್ಲಿದೆ, ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ಪ್ರೋಟೀನ್ ರಚನೆಯ ನಕ್ಷೆಯೂ ವಿದೇಶಿ ಪತ್ರಿಕೆಯದೇ. ಆದರೂ ಡೇ ಅವರ ಕೆಲಸಕ್ಕೆಂದೇ ‘ಕರೆಂಟ್ ಸೈನ್ಸ್’ 1990ರಲ್ಲಿ ವಿಶೇಷ ಸಂಚಿಕೆ ತಂದಿತು. ಮೂಲ ಸಿಗದಿದ್ದರೂ ಅದರ ಹಿನ್ನೆಲೆಯನ್ನು ಅಲ್ಲಿ ಓದಿಕೊಳ್ಳಬಹುದು. ಇನ್ನೊಂದು ತೊಡಕು ಭಾಷೆಯದು. ಸಂಶೋಧನಾ ಪತ್ರಿಕೆಗಳು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಮೊದಲ ಕೆಲವು ತಿಂಗಳು ಕಷ್ಟವೇ ಆಗುತ್ತದೆ. ನನಗೂ ಆಗಿತ್ತು.

ಅಂಥವರು 1996ರ ಜನವರಿಯಲ್ಲಿ ಆರಂಭವಾದ ‘ರೆಸೊನೆನ್ಸ್’ ಮಾಸಪತ್ರಿಕೆಯಿಂದ ತೊಡಗುವುದು ಲೇಸು. ಇದು ವಿಜ್ಞಾನ ಶಿಕ್ಷಣಕ್ಕೆಂದೇ ಮೀಸಲಾದದ್ದು. ಇದರ ‘ಕ್ಲಾಸ್‌ರೂಮ್’ ವಿಭಾಗದಲ್ಲಿ ಪಾಠ ಮಾಡುವಾಗ ಎದುರಾಗುವ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡು ಬಿಡಿಸಿ ಹೇಳುತ್ತಾರೆ. ಒಬ್ಬ ವಿಜ್ಞಾನಿಯ ಬಗ್ಗೆ ಅಲ್ಲಿ ಓದಿ, ಆ ಹೆಸರನ್ನು ಹಿಡಿದು ಉಳಿದ ಪತ್ರಿಕೆಗಳಲ್ಲಿ ಹುಡುಕುವುದು ನಾನು ಕಂಡುಕೊಂಡ ಕ್ರಮ. ವಿಷಯದ ಹೆಸರಿನಿಂದ ಹುಡುಕುವುದಕ್ಕಿಂತ ಲೇಖಕರ ಹೆಸರು ಮತ್ತು ವರ್ಷ ಹಿಡಿದು ಹೊರಟರೆ ಬೇಗ ದಡ ಸೇರಬಹುದು. ಮೇಲೆ ಹೇಳಿದ ಎರಡನ್ನು ಇಂದೇ ನೋಡಬಯಸುವವರಿಗೆ: ಪಂಚರತ್ನಂ ಅವರದು ‘ಪ್ರೊಸೀಡಿಂಗ್ಸ್’ನ ಎ ವಿಭಾಗದ 44ನೆಯ ಸಂಪುಟದಲ್ಲಿ 247ನೆಯ ಪುಟದಿಂದ, ಬಿಲ್ಲೆಯಾಕಾರದ ಅಣುಗಳದು ‘ಪ್ರಮಾಣ’ದ 9ನೆಯ ಸಂಪುಟದಲ್ಲಿ 471ನೆಯ ಪುಟದಿಂದ ಆರಂಭವಾಗುತ್ತದೆ.